ಸ್ಟ್ರೈಕರ್ ಪಿಸ್ತೂಲಿನ ಟ್ರಿಗರ್ ಭಾರ: ಒಂದು ಅಂಕಿಯೊಳಗಿನ ಲೆಕ್ಕ

ಪಿಸ್ತೂಲಿನ ಟ್ರಿಗರ್ ಎಷ್ಟು ಭಾರ ಎಂದು ಕೇಳಿದರೆ ಸಿಗುವ ಉತ್ತರ ಒಂದೇ ಅಂಕಿ: 5.5 ಪೌಂಡ್, 8 ಪೌಂಡ್, 12 ಪೌಂಡ್. ಈ ಅಂಕಿಯನ್ನು ಇಳಿಸಿದರೆ ಟ್ರಿಗರ್ ಹದಕ್ಕೆ ಬಂತು ಎಂದು ಬಗೆಯುವ ರೂಢಿಯೂ ಇದೆ. ಆದರೆ ಹ್ಯಾಮರ್ ಇಲ್ಲದೆ, ಸ್ಪ್ರಿಂಗ್ ಬಲದಿಂದ ಚಿಮ್ಮುವ ಸ್ಟ್ರೈಕರ್ ಎಂಬ ಕಡ್ಡಿಯ ಹೊಡೆತದಿಂದ ಸಿಡಿಯುವ ಪಿಸ್ತೂಲುಗಳಲ್ಲಿ ಆ ಅಂಕಿ ಹಲವು ಬಲಗಳನ್ನು ಕೂಡಿ ಕಳೆದು ಉಳಿದ ಶೇಷ. ಯಾವ ಬಲವನ್ನು ಎಷ್ಟು ತಗ್ಗಿಸಲಾಯಿತು ಎಂಬುದನ್ನು ಬಿಟ್ಟು ಶೇಷವನ್ನಷ್ಟೇ ಬರೆದಿಟ್ಟರೆ ಆ ದಾಖಲೆಯಿಂದ ಹೆಚ್ಚೇನೂ ತಿಳಿಯದು ಎಂಬುದು ಈ ಟಿಪ್ಪಣಿಯ ವಾದ.

ಆಸ್ಟ್ರಿಯಾ-ಹಂಗೇರಿ ತನ್ನ ಅಶ್ವದಳಕ್ಕಾಗಿ ಒಪ್ಪಿಕೊಂಡ 1907ರ ಮಾದರಿಯ ರೋತ್-ಸ್ಟೈಯರ್ ಪಿಸ್ತೂಲಿನಿಂದ ಶುರುಮಾಡುವುದು ಸೂಕ್ತ. ಅದರ ಬೋಲ್ಟ್ ಹಿಂದೆ ಸರಿದು ಮುಂದೆ ಬಂದಾಗ ಸ್ಟ್ರೈಕರ್ ಸ್ಪ್ರಿಂಗ್ ಪೂರ್ತಿ ಬಿಗಿಯುವುದಿಲ್ಲ. ಉಳಿದ ಬಿಗಿತವನ್ನು ಸವಾರನ ಬೆರಳೇ ತುಂಬಬೇಕು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು; ಕುದುರೆ ಬೆದರಿ ಎಗರಿದರೆ ಬೆರಳು ತಾನಾಗಿ ಮುದುಡುತ್ತದೆ. ಆಗ ಗುಂಡು ಹಾರಬಾರದು ಎಂಬುದೇ ಈ ಏರ್ಪಾಟಿಗೆ ಸಾಮಾನ್ಯವಾಗಿ ಕೊಡುವ ಕಾರಣ. ಮುಕ್ಕಾಲು ಶತಮಾನದ ಬಳಿಕ, 1982ರಲ್ಲಿ, ಆಸ್ಟ್ರಿಯಾದ ಸೇನೆ ಗ್ಯಾಸ್ಟನ್ ಗ್ಲಾಕ್ ಅವರ ಗ್ಲಾಕ್ 17 ಅನ್ನು ಪಿ80 ಎಂಬ ಹೆಸರಿನಲ್ಲಿ ಸ್ವೀಕರಿಸಿತು. ಅದರಲ್ಲೂ ಸ್ಟ್ರೈಕರ್ ಅರೆಬಿಗಿದ ಸ್ಥಿತಿಯಲ್ಲೇ ಕಾದಿರುತ್ತದೆ. ಎರಡರ ನಡುವೆ ವಂಶಾವಳಿ ಕಟ್ಟುವುದು ನನ್ನ ಉದ್ದೇಶವಲ್ಲ. ತತ್ವ ಮಾತ್ರ ಒಂದೇ: ಹೊಡೆತಕ್ಕೆ ಬೇಕಾದ ಶಕ್ತಿಯ ಒಂದು ಪಾಲನ್ನು ಬೆರಳಿನ ಸುಪರ್ದಿಗೆ ಬಿಡುವುದು.

ಗ್ಲಾಕ್‌ನ ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಟ್ರಿಗರ್ ಎಳೆದಾಗ ಅದಕ್ಕೆ ಜೋಡಿಸಿದ ಟ್ರಿಗರ್ ಬಾರ್ ಸ್ಟ್ರೈಕರನ್ನು ಇನ್ನಷ್ಟು ಹಿಂದಕ್ಕೆ ದೂಡುತ್ತದೆ. ದಾರಿಯಲ್ಲಿ ಅದೇ ಬಾರ್ ಸ್ಟ್ರೈಕರನ್ನು ತಡೆದಿಟ್ಟ ಪಿನ್ ಒಂದನ್ನು ಮೇಲಕ್ಕೆತ್ತಿ ದಾರಿ ಬಿಡಿಸುತ್ತದೆ. ಕೊನೆಗೆ ಕನೆಕ್ಟರ್ ಎಂಬ ತಗಡಿನ ಇಳಿಜಾರಿಗೆ ಬಡಿದು ಕೆಳಗಿಳಿಯುತ್ತದೆ. ಸ್ಟ್ರೈಕರ್ ಕಳಚಿಕೊಂಡು ಮುಂದಕ್ಕೆ ಚಿಮ್ಮುತ್ತದೆ. ಬೆರಳಿಗೆ ಎದುರಾಗಿ ನಿಲ್ಲುವ ಮುಖ್ಯ ಬಲ ಸ್ಟ್ರೈಕರ್ ಸ್ಪ್ರಿಂಗ್‌ನದು. ಟ್ರಿಗರ್‌ನ ಸುರುಳಿ ಸ್ಪ್ರಿಂಗ್ ಮಾತ್ರ ಬೆರಳಿನ ಪಕ್ಷದಲ್ಲಿದ್ದು ಬಾರನ್ನು ಹಿಂದಕ್ಕೇ ಎಳೆಯುತ್ತದೆ. ಖಾಲಿ ಪಿಸ್ತೂಲಿನ ಟ್ರಿಗರ್ ಒಮ್ಮೆ ಎಳೆದರೆ ಅದು ಹಿಂದೆಯೇ ಉಳಿದುಬಿಡುವುದು, ಸ್ಲೈಡ್ ಹಿಂದೆಳೆಯುವ ತನಕ ಮುಂದೆ ಬಾರದಿರುವುದು ಇದೇ ಕಾರಣಕ್ಕೆ. ಆದ್ದರಿಂದ ಇಲ್ಲಿ ಟ್ರಿಗರ್ ಸ್ಪ್ರಿಂಗನ್ನು ಗಟ್ಟಿಯಾದುದಕ್ಕೆ ಬದಲಿಸಿದರೆ ಎಳೆತ ಹಗುರವಾಗುತ್ತದೆ. ಮೊದಲ ಬಾರಿಗೆ ಕೇಳಿದವರು ನಂಬುವುದು ಕಷ್ಟ, ಆದರೂ ಲೆಕ್ಕ ನೇರವಾಗಿದೆ.

ಇನ್ನೊಂದು ದಾರಿ ಸ್ಟ್ರೈಕರ್ ಸ್ಪ್ರಿಂಗನ್ನೇ ಸಡಿಲಗೊಳಿಸುವುದು. ಎಳೆತ ಖಂಡಿತ ಇಳಿಯುತ್ತದೆ, ಜೊತೆಗೆ ಗುಂಡಿನ ತಳದ ಪ್ರೈಮರ್‌ಗೆ ಬೀಳುವ ಪೆಟ್ಟೂ ಇಳಿಯುತ್ತದೆ. ಗಡುಸು ಪ್ರೈಮರ್ ಸಿಕ್ಕಿದ ದಿನ ಗುಂಡು ಸಿಡಿಯದೆ ಉಳಿಯಬಹುದು. ಎದುರುಬದುರಾಗಿ ನಿಂತ ಈ ಎರಡು ಸ್ಪ್ರಿಂಗ್‌ಗಳಲ್ಲಿ ಒಂದನ್ನು ಗಟ್ಟಿ, ಇನ್ನೊಂದನ್ನು ಸಡಿಲ ಮಾಡುತ್ತಾ ಹೋದರೆ ಟ್ರಿಗರನ್ನು ಮುಂದಕ್ಕೆ ತರುವ ಬಲವೇ ಸಾಲದಾಗುತ್ತದೆ. ಕನೆಕ್ಟರ್‌ನ ಕೋನ ಬದಲಿಸುವುದು ಮೂರನೆಯ ದಾರಿ. ಆಗ ಭಾರ ಇಳಿದರೂ ಬಿಡುಗಡೆಯ ಕ್ಷಣದ ಖಚಿತತೆ ಸ್ವಲ್ಪ ಮಂಕಾಗುತ್ತದೆ. ಹದಗೊಳಿಸುವವನು ಭಾರವನ್ನು ಪಿಸ್ತೂಲಿನಿಂದ ಹೊರಗೆ ಹಾಕುವುದಿಲ್ಲ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಸಾಲವಾಗಿ ಬರೆಯುತ್ತಾನೆ.

ಭಾರ ಏರಿಸಿದ ಉದಾಹರಣೆಯೂ ಇದೆ. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ 1993ರಲ್ಲಿ ರಿವಾಲ್ವರ್ ಬಿಟ್ಟು 9 ಎಂಎಂ ಪಿಸ್ತೂಲುಗಳಿಗೆ ಬಂದಿತು. ರಿವಾಲ್ವರ್‌ನ ಉದ್ದನೆಯ, ಬಿಗಿಯಾದ ಎಳೆತಕ್ಕೆ ಒಗ್ಗಿದ ಕೈಗಳು ಹಗುರ ಟ್ರಿಗರ್ ಮೇಲೆ ಎಡವಬಾರದೆಂದು ಸುಮಾರು 12 ಪೌಂಡ್, ಅಂದರೆ 5.4 ಕಿಲೋ ಎಳೆತ ನಿಗದಿಯಾಯಿತು. ಗ್ಲಾಕ್‌ನಲ್ಲಿ ಇದಕ್ಕೆ ಬಳಸಿದ್ದು ನ್ಯೂಯಾರ್ಕ್ ಸ್ಪ್ರಿಂಗ್ ಎಂದೇ ಹೆಸರಾದ ಬಿಡಿಭಾಗ. ಅದು ಸುರುಳಿ ಸ್ಪ್ರಿಂಗ್‌ನ ಜಾಗದಲ್ಲಿ ಕುಳಿತು, ಬೆರಳಿಗೆ ನೆರವಾಗುವ ಬದಲು ಮೊದಲಿನಿಂದ ಕೊನೆಯವರೆಗೂ ಎದುರು ನಿಲ್ಲುತ್ತದೆ. ಗುಂಡು ತುಂಬಿದರೂ ಒಂದು ಕಿಲೋ ತೂಗದ ಪಿಸ್ತೂಲಿನ ಮೇಲೆ ಅದರ ತೂಕದ ಐದಾರು ಪಟ್ಟು ಬಲ ಹಾಕಿದರೆ ನಳಿಗೆ ಪಕ್ಕಕ್ಕೆ ಸರಿಯುವ ಸಂಭವ ಎಷ್ಟೆಂದು ಊಹಿಸಬಹುದು. ಆ ಇಲಾಖೆಯ ತರಬೇತಿಯನ್ನು ಪರಿಶೀಲಿಸಿದ ರ್‍ಯಾಂಡ್ ಸಂಸ್ಥೆಯ 2008ರ ವರದಿ ಹಗುರ ಟ್ರಿಗರನ್ನು ಪರೀಕ್ಷಿಸಿ ನೋಡಲು ಸೂಚಿಸಿತ್ತು. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಬಳಿ ಇಬ್ಬರು ಪೊಲೀಸರು ಹಾರಿಸಿದ 16 ಗುಂಡುಗಳಿಂದ ದಾರಿಹೋಕರಲ್ಲಿ 9 ಮಂದಿ ಗಾಯಗೊಂಡಾಗ ಈ ಚರ್ಚೆ ಮತ್ತೆ ಎದ್ದಿತು. ಆ ಗಾಯಗಳಿಗೆ ಟ್ರಿಗರ್ ಒಂದೇ ಕಾರಣ ಎನ್ನುವುದು ಅವಸರದ ಮಾತು. ಗಾಬರಿ, ಜನಸಂದಣಿ, ಗುಂಡು ತಗುಲಿ ಚಿಮ್ಮಿದ ಚೂರುಗಳು ಎಲ್ಲವೂ ಅಲ್ಲಿದ್ದವು.

ಭಾರದ ಪರವಾದ ವಾದವನ್ನು ತಳ್ಳಿಹಾಕಲೂ ಆಗದು. ಶರೀರಶಾಸ್ತ್ರಜ್ಞ ರೋಜರ್ ಎನೋಕಾ ಅವರು ಬೆರಳು ತಾನಾಗಿ ಮುದುಡುವ ಮೂರು ಸಂದರ್ಭಗಳನ್ನು ಗುರುತಿಸಿದ್ದಾರೆ: ಇನ್ನೊಂದು ಕೈ ಬಲವಾಗಿ ಹಿಡಿದಾಗ, ಸಮತೋಲ ತಪ್ಪಿದಾಗ, ಬೆಚ್ಚಿಬಿದ್ದಾಗ. 1907ರ ಸವಾರ ಈ ಮೂರನ್ನೂ ಒಟ್ಟಿಗೇ ಎದುರಿಸುತ್ತಿದ್ದ. ಆದರೆ ಇಂಥ ಸೆಳೆತದ ಬಲ 5.5 ಪೌಂಡನ್ನು ಸುಲಭವಾಗಿ ದಾಟಬಲ್ಲದು. ಹಾಗಾಗಿ ಗುರಿಯಿಡುವ ತನಕ ಬೆರಳನ್ನು ಟ್ರಿಗರ್‌ನ ಹೊರಗಿಡುವ ಅಭ್ಯಾಸಕ್ಕೆ ಇನ್ನೊಂದು ಸ್ಪ್ರಿಂಗ್ ಬದಲಿಯಾಗಲಾರದೆಂದು ನಾನು ದೃಢವಾಗಿ ನಂಬುತ್ತೇನೆ.

ಭಾರದ ಅಂಕಿ ಏನನ್ನೂ ಹೇಳದ ಜಾಗವೂ ಒಂದಿದೆ: ಬಿಡಿಭಾಗಗಳ ದ್ರವ್ಯರಾಶಿ. ಸಿಗ್ ಸಾವರ್ ಕಂಪನಿಯ ಪಿ320ರಲ್ಲಿ ಸ್ಟ್ರೈಕರ್ ಮುಂಚಿತವಾಗಿಯೇ ಬಿಗಿದಿರುತ್ತದೆ. ಬೆರಳಿಗೆ ಬಿಡುಗಡೆಯ ಕೆಲಸವಷ್ಟೇ. 2017ರ ಆಗಸ್ಟ್‌ನಲ್ಲಿ, ಸ್ಲೈಡ್‌ನ ಹಿಂತುದಿ ನೆಲಕ್ಕೆ ಬಡಿಯುವಂತೆ ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಅದು ಸಿಡಿಯಬಲ್ಲದೆಂದು ಬಯಲಾಯಿತು. ಪಿಸ್ತೂಲು ಥಟ್ಟನೆ ನಿಂತರೂ ಭಾರವಾದ ಟ್ರಿಗರ್ ತನ್ನ ಜಡತ್ವದಿಂದ ಹಿಂದಕ್ಕೆ ಚಲಿಸುತ್ತಿತ್ತು. ಕಂಪನಿ ಮಾಡಿದ ತಿದ್ದುಪಡಿಯಲ್ಲಿ ಸ್ಪ್ರಿಂಗ್ ಗಟ್ಟಿಮಾಡುವುದಕ್ಕಿಂತ ಟ್ರಿಗರ್, ಸಿಯರ್ (ಬಿಗಿದ ಸ್ಟ್ರೈಕರನ್ನು ತಡೆದಿಡುವ ಕೊಂಡಿ), ಸ್ಟ್ರೈಕರ್‌ಗಳನ್ನು ಹಗುರಗೊಳಿಸುವುದೇ ಮುಖ್ಯವಾಗಿತ್ತು. ಟ್ರಿಗರ್ ಬದಲಿಸುವವರು ಅಂದಕ್ಕಾಗಿ ದಪ್ಪ ಲೋಹದ ತುಂಡನ್ನು ಕೂರಿಸುವ ಮುನ್ನ ಈ ಪ್ರಕರಣವನ್ನು ಓದಬೇಕು.

ಅಳತೆಯಲ್ಲೂ ತೊಡಕಿದೆ. ಗ್ಲಾಕ್‌ನ ಟ್ರಿಗರ್ ಮೇಲ್ತುದಿಯ ಪಿನ್ ಮೇಲೆ ತಿರುಗುವ ಸನ್ನೆ. ಮಾಪಕದ ಕೊಕ್ಕೆಯನ್ನು ಕೆಳತುದಿಗೆ ಸಿಕ್ಕಿಸಿದರೆ ಅಂಕಿ ಇಳಿಯುತ್ತದೆ, ನಡುವೆ ಸಿಕ್ಕಿಸಿದರೆ ಏರುತ್ತದೆ. ಅಂತಾರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳಲ್ಲಿ ಪರೀಕ್ಷಾತೂಕವನ್ನು ಟ್ರಿಗರ್‌ನ ನಡುಭಾಗಕ್ಕೆ ತೂಗುಹಾಕಿಯೇ ನೋಡುತ್ತಾರೆ. ಹಗುರ ಎಳೆತದ ಗ್ಲಾಕ್ ಕನೆಕ್ಟರ್ ಹಿಂದೆ 3.5 ಪೌಂಡ್‌ನದೆಂದು ಹೆಸರಾಗಿತ್ತು, ಮುಂದೆ ಅದನ್ನೇ 4.5 ಪೌಂಡ್ ಎಂದು ಕರೆಯಲಾಯಿತು. ಅಳೆಯುವ ಜಾಗ ಬದಲಾದುದೇ ಇದಕ್ಕೆ ಕಾರಣ ಎಂಬ ವಿವರಣೆ ಬಳಕೆಯಲ್ಲಿದೆ, ಸನ್ನೆಯ ಲೆಕ್ಕಕ್ಕೂ ಅದು ಹೊಂದುತ್ತದೆ. ಹಳೆಯ ಕೈಪಿಡಿಯ 3.5 ಅನ್ನು ಹೊಸ ಪಟ್ಟಿಯ 4.5ರ ಪಕ್ಕ ಇಟ್ಟು ಹೋಲಿಸುವವರು ಮೊದಲು ಕೊಕ್ಕೆ ಎಲ್ಲಿತ್ತು ಎಂಬುದನ್ನು ಕೇಳಬೇಕು.