ಅರಿಸಿನದ ಬಟ್ಟೆಯ ಗಂಟು

ಆದೋನಿಯ ಬಸ್ ನಿಲ್ದಾಣದ ಹತ್ತಿರ ಒಂದು ಚಹಾ ಅಂಗಡಿ. ಅಲ್ಲಿಗೆ ಎರಡು ಪತ್ರಿಕೆ ಬರುತ್ತವೆ, ಒಂದು ತೆಲುಗಿನದು, ಇನ್ನೊಂದು ಕನ್ನಡದ್ದು. ಹೋದ ಶ್ರಾವಣದಲ್ಲಿ ಊರಿಗೆ ಹೋದಾಗ ಎರಡನ್ನೂ ಹರಡಿಕೊಂಡು ಕೂತಿದ್ದೆ. ಕನ್ನಡ ಪತ್ರಿಕೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಸುದ್ದಿಯಿತ್ತು. ಹಳ್ಳಿಯ ಮಕ್ಕಳಿಗಾಗಿ ಬದುಕನ್ನೇ ಮುಡಿಪಾಗಿಟ್ಟವರು ಅವರು. ತೆಲುಗು ಪತ್ರಿಕೆಯಲ್ಲಿ ಒಂದು ಗುತ್ತಿಗೆಯ ಹಗರಣ. ಬಿಲ್ಲು ಪಾಸಾಗಲು ಯಾರು ಯಾರಿಗೆ ಎಷ್ಟು ‘ಮುಡುಪುಲು’ ಮುಟ್ಟಿಸಿದರು ಎಂಬ ಲೆಕ್ಕ. ಪದ ಒಂದೇ. ಕನ್ನಡದಲ್ಲಿ ಅದು ತ್ಯಾಗವಾಗಿ ಬೆಳೆದಿದೆ, ತೆಲುಗಿನ ಪತ್ರಿಕಾಭಾಷೆಯಲ್ಲಿ ಲಂಚವಾಗಿ ಇಳಿದಿದೆ. ನಮ್ಮೂರಲ್ಲಿ ಎರಡೂ ಒಂದೇ ಮೇಜಿನ ಮೇಲೆ ಬಿದ್ದಿದ್ದವು.

ನನಗೆ ಆ ಪದ ಕೇಳಿದರೆ ಅರಿಸಿನದ ವಾಸನೆ ಬರುತ್ತದೆ. ಹೊಳಗುಂದಿ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ದೇವರ ಗೂಡಿನ ಮೇಲಿನ ಗೂಟಕ್ಕೆ ಯಾವಾಗಲೂ ಒಂದೆರಡು ಹಳದಿ ಗಂಟುಗಳು ತೂಗುತ್ತಿದ್ದವು. ಯಾರಿಗಾದರೂ ಜ್ವರ ಇಳಿಯದಿದ್ದರೆ, ಎತ್ತು ಮೇವು ಬಿಟ್ಟರೆ, ಹತ್ತಿ ಬಿತ್ತಿ ಹದಿನೈದು ದಿನವಾದರೂ ಮೋಡ ಕಾಣದಿದ್ದರೆ ಅಜ್ಜಿ ಹಳೆ ಪಂಚೆಯ ತುಂಡು ಹರಿದು, ಅರಿಸಿನದ ನೀರಲ್ಲಿ ಅದ್ದಿ, ಒಣಗಿಸಿ, ಅದರಲ್ಲಿ ಹನ್ನೊಂದೂಕಾಲು ರೂಪಾಯಿ ಇಟ್ಟು ಗಂಟು ಹಾಕುತ್ತಿದ್ದಳು. ಆ ಕಾಲು ರೂಪಾಯಿ ಯಾಕೆ ಎಂದು ಕೇಳಿದ್ದೆ. ಲೆಕ್ಕ ಸಮಕ್ಕೆ ನಿಲ್ಲಬಾರದು, ಮುಂದಕ್ಕೆ ಹೋಗುತ್ತಿರಬೇಕು ಎಂದಿದ್ದಳು. ಮುಡುಪು ಕಟ್ಟುವುದೆಂದರೆ ಅಷ್ಟೇ ಕೆಲಸ. ಶ್ರಾವಣದಲ್ಲಿ ಉರುಕುಂದಿಯ ಈರಣ್ಣ ದೇವರ ಹತ್ತಿರ ಹೋದಾಗ ಗಂಟು ಗಂಟಾಗಿಯೇ ಹುಂಡಿಗೆ ಬೀಳುತ್ತಿತ್ತು. ಬಿಚ್ಚಿ ಎಣಿಸುವ ಪದ್ಧತಿ ಇರಲಿಲ್ಲ.

ಪದದ ಬೇರು ಆ ಗಂಟಿನಲ್ಲೇ ಇದೆ. ತೆಲುಗಿನಲ್ಲಿ ಮುಡಿ ಎಂದರೆ ಇವತ್ತಿಗೂ ಗಂಟು. ಕನ್ನಡದಲ್ಲಿ ಕಟ್ಟಿದ ಕೂದಲು ಮುಡಿ, ಅದಕ್ಕೆ ಹೂ ಸಿಕ್ಕಿಸುವುದು ಮುಡಿಯುವುದು. ಕರಾವಳಿಯವರಿಗೆ ಬೈಹುಲ್ಲಿನ ಹಗ್ಗದಲ್ಲಿ ಬಿಗಿದ ಅಕ್ಕಿ ಮೂಟೆಯೂ ಮುಡಿಯೇ. ತಮಿಳಿನವರು ಸಭೆಯಲ್ಲಿ ನಾಯಕರಿಗೆ ಅರ್ಪಿಸುವ ಹಮ್ಮಿಣಿಗೆ ಮುಡಿಪ್ಪು ಎನ್ನುತ್ತಾರೆ. ತಿರುಪತಿಗೆ ಹೋದವರು ಕೂದಲು ಕೊಟ್ಟು ಬಂದರೆ ‘ಮುಡಿ ಕೊಟ್ಟೆವು’ ಎನ್ನುತ್ತಾರಲ್ಲ, ಅಲ್ಲಿಯೂ ಇದೇ ಮಾತು. ಬರೆಯುವವರು ಮುಡಿಪು ಎನ್ನುತ್ತಾರೆ, ನಮ್ಮ ಕಡೆ ಬಾಯಲ್ಲಿ ಮುಡುಪು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಕಚೇರಿಯ ಭಾಷೆ ಬದಲಾಯಿತು, ಶಾಲೆಯ ಭಾಷೆ ಬದಲಾಗುತ್ತ ಬಂತು. ಗೂಟಕ್ಕೆ ತೂಗುವ ಗಂಟಿನ ಹೆಸರನ್ನು ಮಾತ್ರ ಯಾರೂ ಬದಲಿಸಬೇಕಾಗಲಿಲ್ಲ, ಅದು ಎರಡೂ ಭಾಷೆಯದಾಗಿತ್ತು.

ಜನ ಯಾಕೆ ಕೊಡುತ್ತಾರೆ ಎಂಬ ಪ್ರಶ್ನೆ ಹಿಡಿದು ಪ್ರಪಂಚದಾದ್ಯಂತ ಬಹಳ ಕೆಲಸ ನಡೆದಿದೆ. ರೆನೆ ಬೆಕ್ಕರ್ಸ್ ಮತ್ತು ಪಮಾಲಾ ವೀಪ್ಕಿಂಗ್ ಎಂಬ ನೆದರ್ಲೆಂಡ್ಸ್‌ನ ಇಬ್ಬರು ವಿದ್ವಾಂಸರು 500ಕ್ಕೂ ಹೆಚ್ಚು ಅಧ್ಯಯನಗಳನ್ನು ಸೋಸಿ 2011ರಲ್ಲಿ ಎಂಟು ಕಾರಣಗಳನ್ನು ಹೇಳಿದರು. ಕಷ್ಟ ಕಣ್ಣಿಗೆ ಬೀಳುವುದು, ಯಾರಾದರೂ ಬಂದು ಕೇಳುವುದು, ಹೆಸರು ಬರುವುದು, ಕೊಟ್ಟ ಮೇಲೆ ಮನಸ್ಸು ಹಗುರಾಗುವುದು, ಹಣದಿಂದ ಕೆಲಸ ಆಗುತ್ತದೆಂಬ ನಂಬಿಕೆ ಇವೆಲ್ಲ ಅದರಲ್ಲಿವೆ. ಇವುಗಳಲ್ಲಿ ‘ಕೇಳುವುದು’ ಎಂಬುದು ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ಆಲೂರಿನ ಪಕ್ಕದಲ್ಲೇ ಇದೆ. ದಾಸರು ಗೋಪಾಳಬುಟ್ಟಿ ಹಿಡಿದು ಬಾಗಿಲಿಗೆ ಬಂದು ನಿಂತರೆ ಹಿಡಿ ಜೋಳ ಕೊಡದೆ ಕಳಿಸುವ ಮನೆ ಇರಲಿಲ್ಲ. ಬೇಡುವವರು ಬಾಗಿಲಲ್ಲಿ ನಿಂತದ್ದರಿಂದಲೇ ಕೊಡುವ ಕೈ ಎದ್ದಿತು.

ಮಂತ್ರಾಲಯದ ಹುಟ್ಟಿನ ಕಥೆಯಲ್ಲೂ ಒಂದು ಕೇಳಿಕೆ ಇದೆ. ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ರಾಯರನ್ನು ಪರೀಕ್ಷಿಸಲು ಹರಿವಾಣದಲ್ಲಿ ಮಾಂಸ ಮುಚ್ಚಿ ಕಳಿಸಿದನಂತೆ. ಮುಸುಕು ತೆಗೆದಾಗ ಹಣ್ಣು ಇದ್ದವಂತೆ. ನಾಚಿದ ನವಾಬ ಫಲವತ್ತಾದ ಊರೊಂದನ್ನು ಕೊಡಲು ಮುಂದಾದ. ರಾಯರು ಅದನ್ನು ಬಿಟ್ಟು ತುಂಗಭದ್ರೆಯ ದಂಡೆಯ ಮಂಚಾಲೆಯನ್ನು ಕೇಳಿದರು. ಅದು ಒಣ ಊರು. ಭಕ್ತರು ಈ ಕಥೆಯನ್ನು ರಾಯರ ಮಹಿಮೆಗಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಕೊಡುವವನ ಮನಸ್ಸು. ನವಾಬನಿಗೆ ತನ್ನ ಅಂತಸ್ತಿಗೆ ತಕ್ಕದ್ದನ್ನು ಕೊಡುವ ಆಸೆ, ಪಶ್ಚಾತ್ತಾಪ ಬೇರೆ. ಪಡೆಯುವವರಿಗೆ ಬೇಕಾಗಿದ್ದು ಇನ್ನೊಂದು. ಅವನು ತನ್ನ ಆಸೆ ಬದಿಗಿಟ್ಟು ಅವರು ಕೇಳಿದ್ದನ್ನೇ ಕೊಟ್ಟ. ದೊಡ್ಡ ಕೊಡುಗೆಗಳಲ್ಲಿ ಇಂಥ ವಿವೇಕ ಅಪರೂಪ.

ಆದರೆ ಮುಡುಪಿಗೆ ಬಂದಾಗ ಆ ಎಂಟು ಕಾರಣಗಳಲ್ಲಿ ಬಹಳಷ್ಟು ಉದುರಿಹೋಗುತ್ತವೆ. ಅಜ್ಜಿಯನ್ನು ಯಾರೂ ಬಂದು ಕೇಳಲಿಲ್ಲ. ಹನ್ನೊಂದೂಕಾಲು ರೂಪಾಯಿಗೆ ಯಾರೂ ಹೆಸರು ಕೆತ್ತಿಸುವುದಿಲ್ಲ. ಹುಂಡಿಯೊಳಗೆ ಬಿದ್ದ ಗಂಟು ಯಾರದೆಂದು ಎಣಿಸುವವರಿಗೂ ತಿಳಿಯದು. ಉಳಿಯುವುದು ಭಯ ಒಂದು, ಮಾತು ಒಂದು. ಭಯದಲ್ಲಿ ಹುಟ್ಟಿದ ಕೊಡುಗೆಯನ್ನು ದಾನವೆನ್ನಬಹುದೇ? ‘ಮಗುವನ್ನು ಉಳಿಸು, ಇಷ್ಟು ಕೊಡುತ್ತೇನೆ’ ಎಂಬುದು ವ್ಯಾಪಾರವಲ್ಲವೇ? ತೆಲುಗು ಪತ್ರಿಕೆಯವರು ಆ ಪದವನ್ನು ಲಂಚಕ್ಕೆ ಬಳಸಿದ್ದರಲ್ಲಿ ತಪ್ಪೇನಿದೆ? ಈ ಪ್ರಶ್ನೆಗಳನ್ನು ನಾನು ಬಹಳ ದಿನ ಹೊತ್ತು ತಿರುಗಿದ್ದೇನೆ.

ಉತ್ತರ ಸಿಕ್ಕಿದ್ದು ಅಪ್ಪ ಹೇಳಿದ ಒಂದು ಸಂಗತಿಯಲ್ಲಿ. ಅಪ್ಪನಿಗೆ ಒಬ್ಬ ತಮ್ಮನಿದ್ದ. ಮೂರು ವರ್ಷದವನಿದ್ದಾಗ ಜ್ವರ ಬಂತು. ಅಜ್ಜಿ ಈರಣ್ಣನಿಗೆ ಮುಡುಪು ಕಟ್ಟಿದಳು. ಒಂಬತ್ತನೆಯ ದಿನ ಮಗು ಹೋಯಿತು. ಗಂಟು ಗೂಟದಲ್ಲೇ ಇತ್ತು. ಶ್ರಾವಣ ಬಂದಾಗ ಅಜ್ಜಿ ಅದನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಅಜ್ಜ ಬಾಗಿಲಿಗೆ ಅಡ್ಡ ನಿಂತು, “ಉಳಿಸಲಿಲ್ಲ ಅಂದಮ್ಯಾಗ ಅವಗ್ಯಾಕ ಕೊಡ್ತಿ?” ಎಂದು ಕೂಗಾಡಿದನಂತೆ. ಅಜ್ಜಿ, “ಅವ ಕೊಡ್ಲಿಲ್ಲಂತ ನಾ ಇಟ್ಕಳಾಕ ಅದೇನು ನನ್ನ ರೊಕ್ಕ ಏನು?” ಎಂದು ಕೇಳಿ, ಅಪ್ಪನ ಕೈ ಹಿಡಿದು ನಡೆದೇಬಿಟ್ಟಳಂತೆ.

ವ್ಯಾಪಾರವಾಗಿದ್ದರೆ ಅವಳು ಹೋಗಬೇಕಾಗಿರಲಿಲ್ಲ. ಲಂಚ ಕೊಟ್ಟವನು ಕೆಲಸ ಆಗದಿದ್ದರೆ ವಾಪಸು ಕೇಳುತ್ತಾನೆ, ಕೊಡದಿದ್ದರೆ ಹಗೆ ಸಾಧಿಸುತ್ತಾನೆ. ಲಂಚದ ಗಂಟು ಕತ್ತಲಲ್ಲಿ ಕೈ ಬದಲಿಸುತ್ತದೆ, ಇನ್ನೊಬ್ಬರ ಸರದಿಯನ್ನು ಕದಿಯುತ್ತದೆ. ಅಜ್ಜಿಯ ಗಂಟು ಮನೆಯವರೆಲ್ಲ ನೋಡುವಂತೆ ಗೂಟಕ್ಕೆ ತೂಗುತ್ತಿತ್ತು. ಅವಳು ಕೊಟ್ಟದ್ದು ಹುಂಡಿಯ ಮುಂದೆ ನಿಂತಾಗ ಅಲ್ಲ, ಬಟ್ಟೆಗೆ ಗಂಟು ಹಾಕಿದ ಸಂಜೆಯೇ. ಆಮೇಲಿನದೆಲ್ಲ ಬರೀ ತಲುಪಿಸುವ ಕೆಲಸ. ಕೊಡುವವರ ಮನಸ್ಸು ಅರಿಯಬೇಕೆಂದು ಹೊರಟವರು ಕೊಡುವ ಗಳಿಗೆಯನ್ನು ನೋಡುತ್ತಾರೆ, ಕಟ್ಟುವ ಗಳಿಗೆಯನ್ನು ನೋಡುವುದಿಲ್ಲ.

ಸ್ವೀಡನ್‌ನಲ್ಲಿ ಅನ್ನಾ ಬ್ರೆಮನ್ ಎಂಬ ಅರ್ಥಶಾಸ್ತ್ರಜ್ಞೆ ಇದರ ಹತ್ತಿರಕ್ಕೆ ಬಂದಿದ್ದರು. ತಿಂಗಳು ತಿಂಗಳು ವಂತಿಗೆ ಕೊಡುವವರಲ್ಲಿ ಕೆಲವರಿಗೆ ಈಗಲೇ ಮೊತ್ತ ಹೆಚ್ಚಿಸಿ ಎಂದು ಕೇಳಿದರು, ಉಳಿದವರಿಗೆ ಮುಂದೆ ಹೆಚ್ಚಿಸುತ್ತೇನೆಂದು ಈಗ ಒಪ್ಪಿಕೊಳ್ಳಿ ಎಂದರು. ಎರಡನೆಯವರೇ ಹೆಚ್ಚು ಕೊಟ್ಟರು. ಮಾತು ಇವತ್ತಿನದು, ಹಣ ಮುಂದಿನದು. ಮುಡುಪಿನಲ್ಲೂ ಮಾತು ಇವತ್ತಿನದೇ. ಆದರೆ ಹಣವೂ ಇವತ್ತೇ ಹೋಗುತ್ತದೆ. ಕೈಗೆ ಎಟುಕುವ ಗೂಟದಲ್ಲಿದ್ದರೂ ಅದನ್ನು ಮುಟ್ಟುವಂತಿಲ್ಲ. ಮಳೆಯಿಲ್ಲದ ವರ್ಷ ನಮ್ಮ ಸೀಮೆಯಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಜನ ಗುಳೆ ಹೋಗುತ್ತಾರೆ. ಬಸ್ಸಿನ ರೊಕ್ಕಕ್ಕೆ ಸಾಲ ಮಾಡಿದವರನ್ನು ಕಂಡಿದ್ದೇನೆ. ಅದಕ್ಕಾಗಿ ಮುಡುಪು ಬಿಚ್ಚಿದವರನ್ನು ಕಂಡಿಲ್ಲ.

ಎತ್ತಿಟ್ಟ ಹಣ ಇಟ್ಟವರದಲ್ಲ ಎಂಬ ಈ ತತ್ತ್ವವನ್ನು ನಮ್ಮ ಸುಪ್ರೀಂ ಕೋರ್ಟು ಬೇರೆ ಮಾತಿನಲ್ಲಿ ಒಪ್ಪಿದೆ. ಗಿರಾಕಿಗಳಿಂದ ಸರಕಿನ ಬೆಲೆಯ ಜೊತೆಗೆ ‘ಧರ್ಮಾದಾಯ’ ಎಂದು ನಾಲ್ಕು ಕಾಸು ಎತ್ತಿಡುವ ಪದ್ಧತಿ ದೇಶದ ಎಷ್ಟೋ ಪೇಟೆಗಳಲ್ಲಿತ್ತು. ಅದು ವ್ಯಾಪಾರಿಯ ಆದಾಯವೆಂದು ತೆರಿಗೆ ಇಲಾಖೆ ವಾದಿಸಿತು. ಬಿಜಲಿ ಕಾಟನ್ ಮಿಲ್ಸ್ ಎಂಬ ಗಿರಣಿಯ ಮೊಕದ್ದಮೆಯಲ್ಲಿ, 1970ರ ದಶಕದ ಕೊನೆಗೆ, ಕೋರ್ಟು ಬೇರೆ ತೀರ್ಪು ಕೊಟ್ಟಿತು: ಆ ಹಣ ಮೊದಲ ಕ್ಷಣದಿಂದಲೇ ಧರ್ಮಕ್ಕೆಂದು ಗುರುತಾದದ್ದು, ಕೈಯಲ್ಲಿದ್ದ ಮಾತ್ರಕ್ಕೆ ವ್ಯಾಪಾರಿಯದಾಗುವುದಿಲ್ಲ. ಹತ್ತಿಯಿಂದಲೇ ಬದುಕುವ ಆದೋನಿಯ ಮಾರುಕಟ್ಟೆಯಲ್ಲಿ ಓಡಾಡುವಾಗೆಲ್ಲ ಆ ತೀರ್ಪು ನನಗೆ ನೆನಪಾಗುತ್ತದೆ. ಅಜ್ಜಿಗೆ ಓದು ಬರುತ್ತಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು.

2009ರ ಅಕ್ಟೋಬರ್ 2ರಂದು ತುಂಗಭದ್ರೆ ಮಂತ್ರಾಲಯಕ್ಕೆ ನುಗ್ಗಿದಳು. ಮಠದೊಳಗೆ ನೀರು, ಊರೊಳಗೆ ನೀರು. ವಾರ ಕಳೆದ ಮೇಲೆ ನಮ್ಮ ಸೋದರತ್ತೆ ಆದೋನಿಯಿಂದ ಅಲ್ಲಿಗೆ ಹೋದಳು. ಮಗಳ ಮದುವೆಗೆಂದು ರಾಯರಿಗೆ ಕಟ್ಟಿದ ಮುಡುಪು ಅವಳ ಚೀಲದಲ್ಲಿತ್ತು. ದಾರಿಯಲ್ಲಿ ಪರಿಚಯದ ಹೂವಿನವಳು ಕೆಸರು ಮೆತ್ತಿದ ಗೋಡೆಗೆ ಒರಗಿ ಕೂತಿದ್ದಳು. ಮನೆಯಲ್ಲಿ ಒಂದು ಪಾತ್ರೆಯೂ ಉಳಿದಿರಲಿಲ್ಲ. ಅತ್ತೆ ಅಲ್ಲೇ ಗಂಟು ಬಿಚ್ಚಿ ಇದ್ದದ್ದನ್ನೆಲ್ಲ ಅವಳ ಮಡಿಲಿಗೆ ಹಾಕಿದಳು. ಮನೆಗೆ ಬಂದು ಅಷ್ಟೇ ರೊಕ್ಕದ ಹೊಸ ಮುಡುಪು ಕಟ್ಟಲು ಶುರು ಮಾಡಿದಳು. “ರಾಯರ ಊರಾಗ ಕೊಟ್ಟೀಯಲ್ಲ, ಮತ್ತ್ಯಾಕ?” ಎಂದು ನಾನು ಕೇಳಿದೆ. “ಕಟ್ಟಿದ್ದು ಅವರಿಗಪ್ಪ, ಕೊಟ್ಟಿದ್ದು ಆಕಿಗೆ. ಅವರ ಲೆಕ್ಕ ಹಂಗೇ ಐತಿ” ಎಂದಳು. ಆ ಹೊಸ ಗಂಟು ತುಂಬಲು ಅವಳು ಏಳು ತಿಂಗಳು ತಗೊಂಡಳು.

2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದಾಗ ಗೂಟದ ಗಂಟುಗಳಿಗೂ ಕಷ್ಟ ಬಂತು. ಬಿಚ್ಚಿ ಬ್ಯಾಂಕಿಗೆ ಒಯ್ದರೆ ಮುಡುಪು ಮುರಿದಂತೆ, ಬಿಚ್ಚದಿದ್ದರೆ ಒಳಗಿನದು ಬರೀ ಕಾಗದ. ಆಮೇಲೂ ದೇವಸ್ಥಾನಗಳ ಹುಂಡಿಗಳಲ್ಲಿ ಹಳೆ ನೋಟು ಬೀಳುತ್ತಲೇ ಇದ್ದವು. ಕೆಲಸಕ್ಕೆ ಬಾರದ್ದನ್ನು ದೇವರಿಗೆ ಹಾಕಿದರು ಎಂದು ಜನ ಆಡಿಕೊಂಡರು. ಅಂಥವರೂ ಇದ್ದಿರಬಹುದು. ಆದರೆ ಕಟ್ಟಿದ್ದನ್ನು ಬದಲಿಸಬಾರದೆಂದು ಕಟ್ಟಿದ ಹಾಗೆಯೇ ತಂದು ಹಾಕಿದವರೂ ಅದರಲ್ಲಿದ್ದರೆಂದು ನಾನು ನಂಬುತ್ತೇನೆ.

ಇಷ್ಟನ್ನೆಲ್ಲ ಬರೆಯಲು ನನಗೊಂದು ನೋವಿನ ಕಾರಣವಿದೆ. ಕೆಲವು ವರ್ಷದ ಹಿಂದೆ ಅಜ್ಜಿಯ ಹೆಸರಲ್ಲಿ ಒಂದು ಸಂಸ್ಥೆಗೆ, ಹಳ್ಳಿ ಶಾಲೆಗಳಿಗೆ ಪುಸ್ತಕ ಕೊಳ್ಳಿರೆಂದು ಹೇಳಿ, ಹಣ ಕೊಟ್ಟಿದ್ದೆ. ವರ್ಷದ ಮೇಲೆ ಹೋಗಿ ನೋಡಿದರೆ ಪುಸ್ತಕ ಬಂದಿರಲಿಲ್ಲ, ಸಂಸ್ಥೆಯ ಮುಂದೆ ಕಮಾನು ಎದ್ದಿತ್ತು. ದಾನಿಗಳ ಪಟ್ಟಿಯಲ್ಲಿ ಅಜ್ಜಿಯ ಹೆಸರೂ ಇತ್ತು, ದೊಡ್ಡ ಅಕ್ಷರದಲ್ಲಿ. ಸಂಸ್ಥೆಯವರು ಅದನ್ನು ಸಂತೋಷದಿಂದಲೇ ತೋರಿಸಿದರು. ನನಗೆ ಹೆಸರು ಬೇಕಾಗಿರಲಿಲ್ಲ ಎಂದು ಅವರಿಗೆ ಅರ್ಥ ಮಾಡಿಸಲು ಆಗಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ ಒಂದು ಗಂಟು ಸಿಕ್ಕಿತು. ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಕೈಯಲ್ಲಿ ಒತ್ತಿದರೆ ನಾಣ್ಯಗಳು ಸಿಗುತ್ತವೆ, ಕಾಲು ರೂಪಾಯಿಯ ಪಾವಲಿಯೂ ಇದೆ. 2011ರ ಜೂನ್ 30ರಿಂದ ಪಾವಲಿ ನಡೆಯುವುದಿಲ್ಲ. ಯಾವ ದೇವರಿಗೆ, ಯಾರಿಗಾಗಿ ಕಟ್ಟಿದ್ದೆಂದು ಹೇಳುವವರು ಈಗ ಯಾರೂ ಇಲ್ಲ. ಅದಕ್ಕೇ ಯಾರೂ ಬಿಚ್ಚಿಲ್ಲ.

ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುವವರಲ್ಲಿ, ಟ್ರಸ್ಟುಗಳ ಲೆಕ್ಕ ಬರೆಯುವವರಲ್ಲಿ ನನ್ನದೊಂದು ಬೇಡಿಕೆ. ಮೊತ್ತ ಬರೆಯುವ ಮೊದಲು ಇದು ಯಾವುದಕ್ಕೆ ಕಟ್ಟಿದ್ದು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಅದಕ್ಕೇ ಖರ್ಚು ಮಾಡಿ. ಆಗದಿದ್ದರೆ ಅವರ ಮನೆಗೆ ಹೋಗಿ ಹಾಗೆಂದು ಹೇಳಿ, ಹಣ ಅವರ ಕೈಗೆ ಕೊಟ್ಟು ಬನ್ನಿ.