ಟಿ.ವಿ.ಯೊಳಗಿನವಳು ಎದುರು ಮಾತಾಡಿದಾಗ

ಬೆಂಗಳೂರು ಜೆ.ಪಿ. ನಗರದ ರಂಗಶಂಕರ ರಂಗಮಂದಿರದಲ್ಲಿ 2005ರಲ್ಲಿ ಮಂಜುಳಾ ನಾಯಕ್ ಎಂಬ ಲೇಖಕಿ ಟಿ.ವಿ. ಸ್ಟುಡಿಯೊದ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಸೊಗಸಾಗಿ ಮಾತಾಡಿದಳು. ಕನ್ನಡದಲ್ಲಿ ಸಣ್ಣ ಕತೆ ಬರೆದುಕೊಂಡಿದ್ದವಳು ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ಜಗತ್ತಿಗೆಲ್ಲ ಗೊತ್ತಾಗಿಬಿಟ್ಟಿದ್ದಾಳೆ. ಆ ಕಾದಂಬರಿ ಆಧರಿಸಿದ ಚಿತ್ರ ಇನ್ನೇನು ಪ್ರಸಾರವಾಗಬೇಕು, ಅದಕ್ಕೆ ಮುಂಚೆ ಅವಳ ನಾಲ್ಕು ಮಾತು. ಮಾತು ಮುಗಿಯಿತು. ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಪರದೆಯ ಮೇಲಿದ್ದ ಅವಳದೇ ಮುಖ ಆರಲಿಲ್ಲ. ಅಲ್ಲೇ ನಿಂತು, ಅವಳನ್ನು ನೋಡಿ, ಮಾತಿಗೆಳೆಯಿತು.

ಇದು ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. ನಿರ್ದೇಶನ ಕಾರ್ನಾಡ್ ಮತ್ತು ಕೆ.ಎಂ. ಚೈತನ್ಯ ಅವರದು. ವೇದಿಕೆಯ ಮೇಲೆ ಅರುಂಧತಿ ನಾಗ್, ಪರದೆಯ ಮೇಲೂ ಅರುಂಧತಿ ನಾಗ್. ಯಯಾತಿ, ತುಘಲಕ್, ಹಯವದನ ಎಂದು ಪುರಾಣ, ಇತಿಹಾಸ, ಜನಪದ ಕತೆಗಳಲ್ಲಿ ಓಡಾಡಿಕೊಂಡಿದ್ದ ನಾಟಕಕಾರ ಈ ಸಲ ದೆವ್ವವನ್ನು ಮನೆಯ ಟಿ.ವಿ. ಪೆಟ್ಟಿಗೆಯಿಂದಲೇ ಎಬ್ಬಿಸಿದ್ದರು.

ಹೆಚ್ಚುಕಡಿಮೆ ಇದೇ ದೆವ್ವ 22 ವರ್ಷ ಹಿಂದೆ ಟೊರಾಂಟೊದಲ್ಲಿ ಎದ್ದಿತ್ತು. ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ 1983ರಲ್ಲಿ ತೆಗೆದ ‘ವಿಡಿಯೊಡ್ರೋಮ್’ ಚಿತ್ರದಲ್ಲಿ ಸಣ್ಣದೊಂದು ಚಾನೆಲ್ಲಿನ ಮುಖ್ಯಸ್ಥ ಮ್ಯಾಕ್ಸ್ ರೆನ್ ಎಲ್ಲಿಂದಲೋ ಬರುವ ಚಿತ್ರಹಿಂಸೆಯ ಪ್ರಸಾರವೊಂದರ ಗೀಳಿಗೆ ಬೀಳುತ್ತಾನೆ. ಆ ಸಿಗ್ನಲ್ಲು ನೋಡಿದವರ ತಲೆಯಲ್ಲಿ ಗೆಡ್ಡೆ ಬೆಳೆಸುತ್ತದೆ, ಭ್ರಮೆ ಹುಟ್ಟಿಸುತ್ತದೆ. ಟಿ.ವಿ. ಸೆಟ್ಟು ಉಸಿರಾಡುತ್ತದೆ, ಉಬ್ಬುತ್ತದೆ. ಮ್ಯಾಕ್ಸನ ಹೊಟ್ಟೆ ಸೀಳಿಕೊಂಡು ಕ್ಯಾಸೆಟ್ಟಿಗೆ ಬಾಯಿ ತೆರೆಯುತ್ತದೆ. ವಿಎಚ್ಎಸ್ ಕ್ಯಾಸೆಟ್ ಚಿತ್ರೀಕರಣಕ್ಕೆಂದು ಮಾಡಿದ ನಕಲಿ ಹೊಟ್ಟೆಯಲ್ಲಿ ಹಿಡಿಸಲಿಲ್ಲವೆಂದು ಚಿಕ್ಕದಾದ ಬೀಟಾಮ್ಯಾಕ್ಸ್ ಬಳಸಿದರು. ಚಿತ್ರ ಬಿಡುಗಡೆಯಾದಾಗ ಹಾಕಿದ ದುಡ್ಡು ಹುಟ್ಟಲಿಲ್ಲ. ಆರಾಧಕರ ಗುಂಪು ಕಟ್ಟಿಕೊಂಡದ್ದು ಆಮೇಲೆ. ಚಿತ್ರದಲ್ಲಿ ಬ್ರಯನ್ ಓಬ್ಲಿವಿಯನ್ ಎಂಬ ಪ್ರೊಫೆಸರ್ ಇದ್ದಾನೆ, ಟೊರಾಂಟೊದವರೇ ಆದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್ಲೂಹನ್ ನೆರಳಿನಲ್ಲಿ ರೂಪುಗೊಂಡವನು. ಟಿ.ವಿ.ಯಲ್ಲಿ ಬಿಟ್ಟು ಬೇರೆಲ್ಲೂ ಕಾಣಿಸಿಕೊಳ್ಳುವುದಿಲ್ಲ ಎಂಬುದು ಅವನ ವ್ರತ. ಆಮೇಲೆ ತಿಳಿಯುವುದು, ಮನುಷ್ಯ ಆಗಲೇ ಸತ್ತುಹೋಗಿದ್ದಾನೆ. ಬದುಕಿರುವುದು ರಾಶಿ ರಾಶಿ ಟೇಪುಗಳು ಮಾತ್ರ.

ಆ ಚಿತ್ರ ಬಂದ ಕಾಲಕ್ಕೆ ಬೆಂಗಳೂರಿನ ಟಿ.ವಿ.ಗೆ ಎರಡು ವರ್ಷವೂ ತುಂಬಿರಲಿಲ್ಲ. ಕರ್ನಾಟಕದಲ್ಲಿ ಟಿ.ವಿ. ಮೊದಲು ಕಂಡದ್ದು ರಾಜಧಾನಿಯವರಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಟಿ.ವಿ. ಪ್ರಯೋಗ ನಡೆದಾಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸೆಟ್ಟು ಸಿಕ್ಕಿತು. ಕರ್ನಾಟಕದ ಪಾಲು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಬಂತು. 1977ರಲ್ಲಿ ಗುಲ್ಬರ್ಗಕ್ಕೆ ಸ್ವಂತ ಪ್ರಸಾರ ಕೇಂದ್ರವೂ ಆಯಿತು. ಜಯನಗರದ ಅಗಲ ರಸ್ತೆಗಳ ಬುದ್ಧಿವಂತರು 1981ರವರೆಗೆ ರೇಡಿಯೊ ಕೇಳಿಕೊಂಡಿದ್ದರು. ಚಿತ್ರನಳಿಗೆ ಮಾಡುವ ಬಿಇಎಲ್ ತಮ್ಮದೇ ಊರಿನ ಜಾಲಹಳ್ಳಿಯಲ್ಲಿದ್ದೂ ಈ ಗತಿ!

ಬಂದಮೇಲೆ ಮಾತ್ರ ಭರ್ಜರಿಯಾಗಿಯೇ ಬಂತು. ತಾರಸಿಯ ಮೇಲೊಬ್ಬ ಆಂಟೆನಾ ತಿರುಗಿಸುವವನು, ಕಿಟಕಿಯ ಹತ್ತಿರ ಇನ್ನೊಬ್ಬ ಕೂಗುವವನು, ನಡುಮನೆಯಲ್ಲಿ ಉಳಿದವರೆಲ್ಲ. “ಬಂತಾ?” “ಬಂತು, ಬಂತು... ಅಯ್ಯೋ, ಹೋಯ್ತು!” ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಸಂಜೆಯ ಸಂಭಾಷಣೆ ಇದೇ. ಸೆಟ್ಟಿಗೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಎಳೆದು ಮುಚ್ಚುವ ಶಟರು, ಶಟರಿಗೆ ಬೀಗ. ಕೀಲಿ ಅಪ್ಪನ ಜೇಬಿನಲ್ಲೋ ಅಜ್ಜಿಯ ಸೊಂಟದಲ್ಲೋ. ಪರೀಕ್ಷೆಯ ತಿಂಗಳು ಬಂದರೆ ಆ ಬೀಗ ಬಿಚ್ಚುತ್ತಲೇ ಇರಲಿಲ್ಲ. ಒಳಗಿರುವುದನ್ನು ಹದ್ದುಬಸ್ತಿನಲ್ಲಿಡಬೇಕು ಎಂದು ಮಧ್ಯಮವರ್ಗಕ್ಕೆ ಮೆಕ್ಲೂಹನ್ ಹೇಳಿಕೊಡಬೇಕಾಗಿರಲಿಲ್ಲ. ಸಿನಿಮಾ ಹಾಡುಗಳ ‘ಚಿತ್ರಮಂಜರಿ’ಗೋ ಕನ್ನಡ ಸಿನಿಮಾಗೋ ಅಕ್ಕಪಕ್ಕದವರೆಲ್ಲ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಹಾಗೆ ನೋಡಿದರೆ ಟಿ.ವಿ. ಇದ್ದ ಮನೆಯವರೂ ಒಂದು ಪ್ರದರ್ಶನವೇ: ಅವರ ಸೋಫಾ, ಅವರ ಕಾಫಿ ಲೋಟ, ಅವರ ಜಗಳ, ಎಲ್ಲಕ್ಕೂ ಪ್ರೇಕ್ಷಕರಿದ್ದರು.

1987ರ ಜನವರಿ 25ರಂದು ‘ರಾಮಾಯಣ’ ಧಾರಾವಾಹಿ ಶುರುವಾದಮೇಲೆ ಭಾನುವಾರದ ಬೆಳಗ್ಗೆ ರಸ್ತೆ ಭಣಗುಟ್ಟಿತು. ಸೀತೆಯಾಗಿದ್ದ ದೀಪಿಕಾ ಚಿಖಲಿಯಾ, ರಾವಣನಾಗಿದ್ದ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಲೋಕಸಭೆಗೆ ಗೆದ್ದು ಹೋದರು, ಅದೂ ಒಂದೇ ಪಕ್ಷದಿಂದ. ಅದಕ್ಕೂ ಮುಂಚೆ, 1990ರಲ್ಲಿ, ಈ ಸೀತೆ ಕನ್ನಡದ ‘ಹೊಸ ಜೀವನ’ ಚಿತ್ರದಲ್ಲಿ ನಟ ಶಂಕರ್ ನಾಗ್ ಜೊತೆ ನಟಿಸಿದ್ದರು.

ಟಿ.ವಿ. ಬೀದಿಗಿಳಿದ ಕರಾಳ ದಿನಗಳೂ ಇವೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ವಿರೋಧ ಗಲಭೆಗೆ ತಿರುಗಿ 20ಕ್ಕೂ ಹೆಚ್ಚು ಜೀವ ಹೋಯಿತು, ವಾರ್ತೆ ನಿಂತಿತು. ಕ್ರೋನೆನ್‌ಬರ್ಗ್‌ನ ಗೆಡ್ಡೆ ಬೆಳೆಸುವ ಸಿಗ್ನಲ್ಲು ಕಟ್ಟುಕತೆ. ಇದು ನಡೆದದ್ದು.

ಇನ್ನು ಶಂಕರ್ ನಾಗ್. ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಅನ್ನು ಟಿ.ವಿ.ಗಾಗಿ ಆಗುಂಬೆಯಲ್ಲಿ ಚಿತ್ರೀಕರಿಸಿದವರು ಅವರೇ. ಯಾವ ನಕಾಶೆಯಲ್ಲೂ ಇಲ್ಲದ ಊರಿಗೆ ರೈಲು ನಿಲ್ದಾಣ ಬೇಕಾದಾಗ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಸಿಕ್ಕಿತು. ಆ ಹಳೇ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಇಲ್ಲದ ಊರಿಗೆ ಇದ್ದ ಊರು ಸ್ಮಾರಕವಾಯಿತು! ಆ ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪನಾಗಿ ಹುಬ್ಬು ಗಂಟಿಕ್ಕುವವರು ಗಿರೀಶ ಕಾರ್ನಾಡ್. ಮುಂದೆ ಅವರು ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರೂ ಆದರು. ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡುವುದೆಂದರೇನು ಎಂಬುದು ಅವರಿಗೆ ಮೈಗೆ ಅಂಟಿದ ಅನುಭವ.

ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಕೊಂಡರು. ಅವರ ನೆನಪಿಗೆ ಪತ್ನಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ರಂಗಶಂಕರ 2004ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಅಲ್ಲಿನ ಕಟ್ಟುನಿಟ್ಟು ಊರಿಗೇ ಗೊತ್ತು: ನಾಟಕ ಶುರುವಾಯಿತೋ ಬಾಗಿಲು ಮುಚ್ಚಿತು, ಯಾರಾದರೂ ಸರಿ. ತಡವಾಗಿ ಬಂದವರು ಹೊರಗೆ ಸಾಬೂದಾನ ವಡೆ ತಿಂದು ಮನೆಗೆ ಹೋಗಬೇಕು. ಕಾರ್ನಾಡರ ಮನೆಯೂ ವರ್ಷಗಟ್ಟಲೆ ಇದೇ ಜೆ.ಪಿ. ನಗರದಲ್ಲಿತ್ತು.

ಮಂಜುಳಾ ನಾಯಕಳ ಬಿಂಬ ಅವಳನ್ನು ಏನೂ ಮಾಡುವುದಿಲ್ಲ. ಕೈ ಚಾಚುವುದಿಲ್ಲ, ಹೊಟ್ಟೆ ಸೀಳುವುದಿಲ್ಲ. ವಿಚಾರಿಸಿಕೊಳ್ಳುತ್ತದೆ, ಅಷ್ಟೆ, ಪಕ್ಕದ ಮನೆಯಾಕೆ ಕಾಂಪೌಂಡಿಗೆ ಒರಗಿ ವಿಚಾರಿಸುವ ಹಾಗೆ. ತಂಗಿ ಮಾಲಿನಿ ಹೇಗಿದ್ದಳು? ಗಂಡ ಪ್ರಮೋದ ಎಲ್ಲಿ? ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಗಾಲಿಕುರ್ಚಿಯಲ್ಲೇ ಬದುಕಿ ಸತ್ತ ತಂಗಿಯ ಮೇಲೆ ಅಕ್ಕನಿಗಿದ್ದದ್ದು ಪ್ರೀತಿಯೋ ಹೊಟ್ಟೆಕಿಚ್ಚೋ? ಒಂದೊಂದೇ ಪದರ ಸುಲಿದು ಕೊನೆಗೆ ಉಳಿಯುವುದು ಇಷ್ಟು: ಆ ಇಂಗ್ಲಿಷ್ ಕಾದಂಬರಿ ಮಾಲಿನಿಯದು. ಟೊರಾಂಟೊದ ಟಿ.ವಿ. ಸುಳ್ಳನ್ನು ಮನುಷ್ಯನ ಒಳಕ್ಕೆ ತುರುಕಿತು, ಜೆ.ಪಿ. ನಗರದ ಟಿ.ವಿ. ಒಳಗಿದ್ದ ನಿಜವನ್ನು ಹೊರಕ್ಕೆಳೆಯಿತು. ಚಾಪೆ ಹಾಸಿ ಟಿ.ವಿ. ನೋಡಿದ ಬಡಾವಣೆಗಳ ದಿಗಿಲು ಇದ್ದದ್ದು ಅಲ್ಲೇ. ನಾಲ್ಕು ಜನ ಏನಂದಾರು ಎಂಬುದರ ಮುಂದೆ ಗೆಡ್ಡೆಗಿಡ್ಡೆ ಯಾವ ಲೆಕ್ಕ?

ಆಡುವವರಿಗೆ ಈ ನಾಟಕದ ಕಷ್ಟ ಬೇರೆಯೇ. ಬಿಂಬವನ್ನು ಮೊದಲೇ ಚಿತ್ರೀಕರಿಸಿ ಇಟ್ಟಿರುತ್ತಾರೆ. ನಟಿ ಅದರ ಪ್ರಶ್ನೆಗೆ ಸರಿಯಾದ ಕ್ಷಣಕ್ಕೆ ತಿರುಗಬೇಕು, ತಡವರಿಸಬೇಕು, ಸಿಡಿಯಬೇಕು. ಪ್ರೇಕ್ಷಕರು ನಕ್ಕರೆ ವೇದಿಕೆಯ ಮೇಲಿನವಳು ಒಂದು ಗಳಿಗೆ ತಡೆದಾಳು. ಪರದೆಯ ಮೇಲಿನವಳಿಗೆ ಆ ದಾಕ್ಷಿಣ್ಯವಿಲ್ಲ. ಇಂಗ್ಲಿಷಿನಲ್ಲಿ ಅರುಂಧತಿ ರಾಜಾ ಮಂಜುಳಾ ಆದರು, ಹಾಗಾಗಿ ಬಿಂಬವೂ ಅವರದೇ ಬೇಕಾಯಿತು. ಹಿಂದಿಯ ‘ಬಿಖರೇ ಬಿಂಬ್’ಗೆ ಮತ್ತೆ ಅರುಂಧತಿ ನಾಗ್ ಬಂದರು. ಕನ್ನಡ ಮಾತಾಡಿಕೊಂಡಿದ್ದ ಆ ಬಿಂಬ ಇನ್ನೊಮ್ಮೆ ಕ್ಯಾಮೆರಾದ ಮುಂದೆ ಕೂತು ಹಿಂದಿಯಲ್ಲಿ ಜಗಳ ಕಾಯಬೇಕಾಯಿತು.