ಬೇಗೂರಿನಿಂದ ಚಾಮರಾಜನಗರ: ಎರಡು ದಿನಗಳ ಇತಿಹಾಸ ಯಾತ್ರೆ

ಮೈಸೂರಿನಿಂದ ಊಟಿಗೋ ವಯನಾಡಿಗೋ ಹೊರಟ ವಾಹನಗಳು ನಂಜನಗೂಡು ದಾಟಿದ ಮೇಲೆ ನಿಲ್ಲುವುದು ಬಹುತೇಕ ಕಾಫಿ-ತಿಂಡಿಗೆ ಮಾತ್ರ. ಬೇಗೂರು, ಗುಂಡ್ಲುಪೇಟೆ, ಹಂಗಳ ಎಂಬ ಹೆಸರುಗಳು ರಸ್ತೆ ಬದಿಯ ಫಲಕಗಳಾಗಿ ಹಿಂದೆ ಸರಿದು ಹೋಗುತ್ತವೆ. ಆದರೆ ಮೈಸೂರು ಸಂಸ್ಥಾನದ ಚರಿತ್ರೆಯ ಕೆಲವು ಮುಖ್ಯ ಅಧ್ಯಾಯಗಳು ನಡೆದದ್ದು ಇದೇ ಸೀಮೆಯಲ್ಲಿ. ತಂದೆಯ ನೆನಪನ್ನು ಉಳಿಸಲು ಇಬ್ಬರು ಅರಸರು ಕಟ್ಟಿಸಿದ ಎರಡು ದೇವಾಲಯಗಳು ಇಲ್ಲಿವೆ. ಒಂದರ ತೇರು ಇಂದಿಗೂ ಜನಸಾಗರದ ನಡುವೆ ಸಾಗುತ್ತದೆ. ಇನ್ನೊಂದನ್ನು ಹುಡುಕಿಕೊಂಡು ಹೋಗುವವರು ವಿರಳ. ವಾರಾಂತ್ಯದ ಎರಡು ದಿನಗಳಲ್ಲಿ ಎರಡನ್ನೂ ನೋಡಿ ಬರಬಹುದು.

ಯಾವ ಬೇಗೂರು?

ರಾಜ್ಯದಲ್ಲಿ ಬೇಗೂರು ಎಂಬ ಹೆಸರಿನ ಊರುಗಳು ಹಲವು. 'ಬೆಂಗಳೂರು' ಎಂಬ ಹೆಸರುಳ್ಳ ಪ್ರಾಚೀನ ಶಾಸನದಿಂದ ಪ್ರಸಿದ್ಧವಾದ ಬೇಗೂರು ರಾಜಧಾನಿಯ ದಕ್ಷಿಣ ಅಂಚಿನಲ್ಲಿದೆ. ಇಲ್ಲಿ ಹೇಳುತ್ತಿರುವುದು ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ನಂಜನಗೂಡು-ಗುಂಡ್ಲುಪೇಟೆ ನಡುವೆ ರಾಷ್ಟ್ರೀಯ ಹೆದ್ದಾರಿ 766ರಲ್ಲಿ (ಹಿಂದಿನ 212) ಈ ಊರಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಉತ್ತರಕ್ಕೆ ಹರಿದು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುವ ಗುಂಡ್ಲು ಹೊಳೆಯ ಸೀಮೆಯಿದು. ಹೊಳೆಗೆ ಕೌಂಡಿನ್ಯ ನದಿ ಎಂಬ ಹೆಸರೂ ಉಂಟು.

ಮಳೆ ಕಡಿಮೆಯಿರುವ ಈ ಬಯಲಿನಲ್ಲಿ ಅರಿಶಿನ, ಬಾಳೆ, ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಮುಂಗಾರಿನ ತಿಂಗಳುಗಳಲ್ಲಿ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ರಸ್ತೆಯ ಇಕ್ಕೆಲಗಳನ್ನೂ ಹಳದಿಯಾಗಿಸುತ್ತವೆ. ಓಣಂ ಸಮೀಪಿಸಿದಂತೆ ಕೇರಳದಿಂದ ಬರುವ ಪ್ರವಾಸಿಗರು ಇಲ್ಲಿ ಗುಂಪುಗೂಡುತ್ತಾರೆ. ಚಿತ್ರ ತೆಗೆಯುವ ಆತುರದಲ್ಲಿ ಕಾಲಿಗೆ ಸಿಕ್ಕಿ ನಲುಗುವುದು ರೈತನ ಬೆಳೆ ಎಂಬುದನ್ನು ಮರೆಯಬಾರದು. ಹೊಲದವರ ಅನುಮತಿ ಪಡೆದು, ಅವರು ಕೇಳುವ ಸಣ್ಣ ಮೊತ್ತವನ್ನು ಕೊಟ್ಟು ಬದುವಿನಲ್ಲೇ ನಿಲ್ಲುವುದು ಸೌಜನ್ಯ.

ಮೊದಲ ದಿನ: ಗುಂಡ್ಲುಪೇಟೆ, ಹಂಗಳ, ಬೆಟ್ಟ

ಬೆಳಿಗ್ಗೆ ಮೈಸೂರು ಬಿಟ್ಟರೆ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಬೇಗೂರು ಹಾದು ಮಧ್ಯಾಹ್ನದೊಳಗೆ ಗುಂಡ್ಲುಪೇಟೆ ತಲುಪಬಹುದು. ಮೈಸೂರಿನಿಂದ ಇಲ್ಲಿಗೆ ಸುಮಾರು 60 ಕಿ.ಮೀ. ಪಟ್ಟಣದ ವಿಜಯನಾರಾಯಣ ದೇವಾಲಯ ಪುರಾತನವಾದುದು. ಆದರೆ ಊರಿನ ಚರಿತ್ರೆಯನ್ನು ಅರಿಯಲು ಪರವಾಸುದೇವ ದೇವಾಲಯದತ್ತ ಹೋಗಬೇಕು.

1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ 'ಅಠಾರ ಕಚೇರಿ' ಸ್ಥಾಪಿಸಿದ ಅರಸರು. ಅವರ ತಂದೆ ದೊಡ್ಡದೇವರಾಜರು ತೀರಿಕೊಂಡದ್ದು ಗುಂಡ್ಲುಪೇಟೆಯಲ್ಲಿ. ಆ ನೆನಪಿಗಾಗಿ ಮಗ ಪರವಾಸುದೇವನ ಗುಡಿಯನ್ನು ಕಟ್ಟಿಸಿ ಅಗ್ರಹಾರವನ್ನು ನಿರ್ಮಿಸಿದರು. ಮುಂದೆ ಅಗ್ರಹಾರದ ವೈಭವ ಅಳಿಯಿತು. ಗುಡಿ ದೀರ್ಘಕಾಲ ಶಿಥಿಲಾವಸ್ಥೆಯಲ್ಲಿ ಉಳಿಯಿತು. ಮೈಸೂರಿನ ಪ್ರಬಲ ದೊರೆಗಳಲ್ಲೊಬ್ಬರು ತಂದೆಗೆ ಸಲ್ಲಿಸಿದ ಗೌರವವಿದು ಎಂಬುದು ಹೆದ್ದಾರಿಯಲ್ಲಿ ಸಾಗುವವರಲ್ಲಿ ಎಷ್ಟೋ ಮಂದಿಗೆ ತಿಳಿಯದು.

ಊಟಿ ರಸ್ತೆಯಲ್ಲಿ ಮುಂದುವರಿದರೆ ಹಂಗಳ. ಯುವರಾಜನಾಗಿದ್ದಾಗ ಚಿಕ್ಕದೇವರಾಜರನ್ನು ಆಗಿನ ಅರಸರು ನಿರ್ಬಂಧದಲ್ಲಿ ಇರಿಸಿದ್ದು ಈ ಹಳ್ಳಿಯಲ್ಲಿ. ಇಲ್ಲಿ ಜೊತೆಗಿದ್ದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಮುಂದೆ ಅವರ ಪ್ರಧಾನಿಯಾದನು. ಸಿಂಹಾಸನದ ಹಾದಿ ಹಂಗಳದ ಸೆರೆಯಿಂದ ಆರಂಭವಾಯಿತು ಎಂದರೆ ತಪ್ಪಾಗದು.

ಹಂಗಳದಿಂದ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದ ಈ ಶಿಖರದ ವೇಣುಗೋಪಾಲ ದೇವಾಲಯ ಹೊಯ್ಸಳರ ಕಾಲದ್ದು. 14ನೇ ಶತಮಾನದ ಆದಿಯಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಮಾಧವ ದಂಡನಾಯಕನ ಹೆಸರು ಇದಕ್ಕೆ ಅಂಟಿಕೊಂಡಿದೆ. ಮಂಜು ಮುಸುಕಿದ ದಿನಗಳಲ್ಲಿ ಗೋಪುರವೂ ಕಾಣದಷ್ಟು ಬಿಳುಪು ಆವರಿಸುತ್ತದೆ. ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಇರುವುದರಿಂದ ಖಾಸಗಿ ವಾಹನಗಳನ್ನು ತಪ್ಪಲಿನಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಏರಬೇಕು. ಸಂಜೆಯಾಗುವ ಮುನ್ನ ಇಳಿಯಬೇಕು. 2019ರ ಫೆಬ್ರವರಿಯಲ್ಲಿ ಈ ಭಾಗದ ಸಾವಿರಾರು ಎಕರೆ ಕಾಡು ಬೆಂಕಿಗೆ ಆಹುತಿಯಾಯಿತು. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಗೂ ಎಂತಹ ಬೆಲೆ ತೆರಬೇಕಾದೀತು ಎಂಬುದಕ್ಕೆ ಆ ದಿನಗಳು ಸಾಕ್ಷಿ.

ಎರಡನೆಯ ದಿನ: ತೆರಕಣಾಂಬಿ, ಚಾಮರಾಜನಗರ

ಗುಂಡ್ಲುಪೇಟೆಯಲ್ಲಿ ರಾತ್ರಿ ಕಳೆದು ಪೂರ್ವಕ್ಕೆ ಚಾಮರಾಜನಗರ ರಸ್ತೆ ಹಿಡಿದರೆ ಹತ್ತು-ಹನ್ನೆರಡು ಕಿ.ಮೀ. ಅಂತರದಲ್ಲಿ ತೆರಕಣಾಂಬಿ ಸಿಗುತ್ತದೆ. ಇಂದು ತರಕಾರಿ ಮಾರುಕಟ್ಟೆಗೆ ಹೆಸರಾದ ಈ ಊರು ಒಂದು ಕಾಲಕ್ಕೆ ಸೀಮೆಯ ರಾಜಕೀಯ ಕೇಂದ್ರವಾಗಿತ್ತು. ಉಮ್ಮತ್ತೂರಿನ ಪಾಳೆಯಗಾರರ ಪ್ರಾಬಲ್ಯದಲ್ಲಿದ್ದ ಇದು 17ನೇ ಶತಮಾನದ ಆರಂಭದಲ್ಲಿ ರಾಜ ಒಡೆಯರ ವಶವಾಯಿತು. ಲಕ್ಷ್ಮೀವರದರಾಜ ಮತ್ತು ರಾಮಭದ್ರ ದೇವಾಲಯಗಳು ಹಳೆಯ ವೈಭವವನ್ನು ಸಾರುತ್ತವೆ. ಸಮೀಪದ ತ್ರಿಯಂಬಕಪುರದ ಶಿವಾಲಯ ಮತ್ತು ಹುಲುಗನಮುರಡಿಯ ವೆಂಕಟರಮಣಸ್ವಾಮಿ ಬೆಟ್ಟಕ್ಕೂ ಇಲ್ಲಿಂದಲೇ ದಾರಿ.

ಚಾಮರಾಜನಗರ ಪಟ್ಟಣಕ್ಕೆ ಸ್ವಲ್ಪ ಮೊದಲು ಹರದನಹಳ್ಳಿ ಇದೆ. ಶೂನ್ಯಪೀಠ ಪರಂಪರೆಯ ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರು ಎಂಬ ಹಿರಿಮೆ ಈ ಗ್ರಾಮದ್ದು.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಚಾಮರಾಜ ಒಡೆಯರು ಜನಿಸಿದ್ದು ಇಲ್ಲಿ. ಹೈದರಾಲಿಯ ಕಾಲದಲ್ಲಿ ಹೆಸರಿಗಷ್ಟೇ ಅರಸರಾಗಿದ್ದ ಅವರು 1796ರಲ್ಲಿ ತೀರಿಕೊಂಡರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಶಿವನಿಗೆ ತಂದೆಯ ಹೆಸರು; ಅಮ್ಮನವರಿಗೆ ತಾಯಿ ಕೆಂಪನಂಜಮ್ಮಣ್ಣಿಯವರ ನೆನಪಿನ ಕೆಂಪನಂಜಾಂಬ ಎಂಬ ಹೆಸರು. ಅರಸರು ಹುಟ್ಟಿದ ಸ್ಥಳದಲ್ಲಿ ಜನನ ಮಂಟಪವಿದೆ.

ಇಲ್ಲಿನ ರಥೋತ್ಸವ ನಡೆಯುವುದು ಆಷಾಢದಲ್ಲಿ. ಆ ಮಾಸದಲ್ಲಿ ದೂರವಿರುವ ನವದಂಪತಿಗಳು ತೇರಿನ ನೆಪದಲ್ಲಿ ಜೊತೆಗೂಡಿ, ತೇರಿಗೆ ಹಣ್ಣು-ಜವನ ಎಸೆಯುವುದು ಈ ಜಾತ್ರೆಯ ವೈಶಿಷ್ಟ್ಯ. 2017ರಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ರಥ ಹಾನಿಗೊಂಡು ಉತ್ಸವ ಹಲವು ವರ್ಷ ನಿಂತಿತ್ತು. ಹೊಸ ರಥ ಸಿದ್ಧವಾಗಿ 2022ರ ಜುಲೈನಲ್ಲಿ ಮತ್ತೆ ತೇರು ಹರಿಯಿತು. ತೇರು ಬೇಕೆಂದು ಜನ ಪಟ್ಟುಹಿಡಿದಲ್ಲಿ ಗುಡಿಯೂ ಜೀವಂತವಾಗಿ ಉಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಗುಂಡ್ಲುಪೇಟೆಯ ಪರವಾಸುದೇವನಿಗೆ ಆ ಭಾಗ್ಯ ದೊರೆಯಲಿಲ್ಲ.

ಸಮಯವಿದ್ದರೆ

ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ದೇವಾಲಯವಿದೆ. ಇಟ್ಟಿಗೆಯ ವಿಮಾನದ ಮೇಲಿನ ಗಾರೆಶಿಲ್ಪಗಳು ಮತ್ತು ಸಪ್ತಮಾತೃಕೆಯರ ವಿಗ್ರಹಗಳು ನೋಡತಕ್ಕವು. ಮಲೆಯೂರಿನ ಕನಕಗಿರಿ ಜೈನರ ಪವಿತ್ರ ಕ್ಷೇತ್ರ. 'ರಾಜಾವಳಿ ಕಥೆ' ಬರೆದ ದೇವಚಂದ್ರನ ಊರು. ಸ್ಕಾಟ್ಲೆಂಡಿನ ಸ್ಟೋರ್ನೊವೇಯಲ್ಲಿ ಹುಟ್ಟಿ, 1799ರ ನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿಗೆ ಸ್ಥಳೀಯ ಚರಿತ್ರೆಯ ಮಾಹಿತಿ ಸಂಗ್ರಹಿಸಿಕೊಟ್ಟವರಲ್ಲಿ ದೇವಚಂದ್ರನೂ ಒಬ್ಬ.

ಹೊರಡುವ ಮುನ್ನ

* ತಲುಪುವುದು: ಬೆಂಗಳೂರಿನಿಂದ ಗುಂಡ್ಲುಪೇಟೆಗೆ ಸುಮಾರು 200 ಕಿ.ಮೀ. ಮೈಸೂರಿನಿಂದ ಬಸ್‌ಗಳು ಧಾರಾಳ. ರೈಲು ಚಾಮರಾಜನಗರದವರೆಗೆ ಮಾತ್ರ.

* ರಾತ್ರಿ ಸಂಚಾರ: ಬಂಡೀಪುರ ಅರಣ್ಯದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ವಾಹನಗಳಿಗೆ ಸಿಲುಕಿ ವನ್ಯಜೀವಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಜಾರಿಗೊಂಡ ಈ ಕ್ರಮವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು.

* ಸಫಾರಿ: ಕಾಡಂಚಿನಲ್ಲಿ ಹುಲಿ ದಾಳಿಗಳು ನಡೆದ ಹಿನ್ನೆಲೆಯಲ್ಲಿ 2025ರ ನವೆಂಬರ್‌ನಲ್ಲಿ ಬಂಡೀಪುರದ ಸಫಾರಿಯನ್ನು ಸ್ಥಗಿತಗೊಳಿಸಲಾಯಿತು. ಅರಣ್ಯ ಇಲಾಖೆಯ ಇತ್ತೀಚಿನ ಪ್ರಕಟಣೆಯನ್ನು ನೋಡಿಕೊಂಡೇ ಹೊರಡುವುದು ಲೇಸು.

* ಸೂಕ್ತ ಕಾಲ: ಹೂವಿನ ಹೊಲ, ಆಷಾಢದ ತೇರು ಎರಡೂ ಬೇಕೆನ್ನುವವರಿಗೆ ಜುಲೈ, ಬಿಸಿಲಿನ ಕಾಟವಿಲ್ಲದೆ ಗುಡಿಗಳನ್ನು ನೋಡಬಯಸುವವರಿಗೆ ನವೆಂಬರ್‌ನಿಂದ ಫೆಬ್ರವರಿ.